ಮೈಸೂರು–ಮಂಡ್ಯ ಟ್ರೈನಲ್ಲಿ ಸ್ಕಿಪ್ ಒತ್ತದೆ ಕೇಳೋಕೆ ಒಂದು ಕನ್ನಡ ಆಲ್ಬಂ ಹೇಳಿ (ಸಿನಿಮಾ ಬೇಡ)

ಯಲಿಯೂರು ಲೂಪ್ ಲೈನ್
ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ಮನೆ, ಮಂಡ್ಯದಲ್ಲಿ ಕೆಲಸ. ಸೀಟು ಸಿಕ್ಕಿದ ದಿನ ಕಿಟಕಿ, ಸಿಗದ ದಿನ ಬಾಗಿಲು. ಮುಕ್ಕಾಲು ಗಂಟೆ ದಾರಿ, ಬೇರೆ ಟ್ರೈನಿಗೆ ದಾರಿ ಬಿಡೋಕೆ ಅಂತ ನಿಲ್ಸಿದ್ರೆ ಒಂದು ಗಂಟೆನೂ ಆಗತ್ತೆ. ಪ್ಲೇಲಿಸ್ಟ್ ಕೇಳಿ ಕೇಳಿ ತಲೆ ಕೆಟ್ಟುಹೋಗಿದೆ. ಯಾವತ್ತೋ ಒಂದ್ಸಲ ಮದುವೆ ಮನೇಲಿ ಡ್ಯಾನ್ಸ್ ಹಾಡು ಹುಡುಕಿದ್ದೇ ನೆಪ, ಆಪ್ ಈಗಲೂ ದಿನಾ ಅಂಥದ್ದನ್ನೇ ತಂದು ಮುಂದಿಡ್ತಿದೆ.

ಮೊನ್ನೆ ಬೇಜಾರಾಗಿ ಪಿಂಕ್ ಫ್ಲಾಯ್ಡ್ ಹಾಕ್ದೆ. 'ಡಾರ್ಕ್ ಸೈಡ್ ಆಫ್ ದಿ ಮೂನ್', 1973ರದ್ದು, ಹತ್ತಿರ ಹತ್ತಿರ 43 ನಿಮಿಷ. ಎದೆಬಡಿತದಲ್ಲಿ ಶುರು, ಎದೆಬಡಿತದಲ್ಲೇ ಕೊನೆ, ಮಧ್ಯ ಎಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಯ್ತು ಅನ್ನೋದೇ ತಿಳಿಯಲ್ಲ. ಅವತ್ತಿಂದ ತಲೇಲಿ ಒಂದೇ ಪ್ರಶ್ನೆ. ಹೀಗೆ ಮೊದಲಿಂದ ಕೊನೇವರೆಗೂ ಕೂತು ಕೇಳೋ ಆಲ್ಬಂ ಕನ್ನಡದಲ್ಲಿ ಯಾವುದಿದೆ? ಸಿನಿಮಾ ಹಾಡಿನ ಪಟ್ಟಿ ಕೊಡ್ಬೇಡಿ, ಅದು ನನ್ನ ಹತ್ರಾನೇ ಇದೆ. ಬ್ಯಾಂಡೋ, ಗಾಯಕರೋ, ಯಾರಾದ್ರೂ ಸರಿ. ಆಲ್ಬಂ ಬೇಕು.

ಒಂಟಿಕೊಪ್ಪಲ್ ಬೇಸಿಸ್ಟ್
ದಿ ರಘು ದೀಕ್ಷಿತ್ ಪ್ರಾಜೆಕ್ಟ್, 2008. ಮುಗೀತು. ಬೀಗ ಹಾಕಿ ಮನೆಗೆ ಹೋಗಿ.

ಪಾಂಡವಪುರ ಪ್ಯಾಸೆಂಜರ್
ಕನ್ನಡ ಆಲ್ಬಂ ಕೇಳಿದ್ದು ಕಣಪ್ಪ ಅವ್ರು. ಅದು ಅರ್ಧಕ್ಕಿಂತ ಜಾಸ್ತಿ ಹಿಂದಿ. 'ಮೈಸೂರ್ ಸೇ ಆಯಿ'ಲಿ ಕನ್ನಡ ಅಂತಿರೋದು ಮೈಸೂರು ಒಂದೇ.

ಒಂಟಿಕೊಪ್ಪಲ್ ಬೇಸಿಸ್ಟ್
ಹಂಗಂತ ತಳ್ಳಿಹಾಕೋಕಾಗಲ್ಲ ಗುರು. 'ಗುಡುಗುಡಿಯ ಸೇದಿ ನೋಡೋ', 'ಸೋರುತಿಹುದು ಮನೆಯ ಮಾಳಿಗಿ' ಎರಡೂ ಅದರಲ್ಲೇ ಇರೋದು, ಎರಡೂ ಷರೀಫಜ್ಜಂದು. ವಿಶಾಲ್–ಶೇಖರ್ ತಮ್ಮ ಲೇಬಲ್ಲಿಂದ ತಂದ ಆಲ್ಬಂನಲ್ಲಿ ಶಿಶುನಾಳ ಷರೀಫ! ಮುಂಬೈ ಹುಡುಗರು ಅರ್ಥ ಗೊತ್ತಿಲ್ಲದೆ ಗುಡುಗುಡಿ ಗುಡುಗುಡಿ ಅಂತ ಕುಣೀತಿದ್ದಿದ್ದನ್ನ ನಾನೇ ನೋಡಿದೀನಿ. ಮೈಸೂರಲ್ಲಿ ಮೈಕ್ರೋಬಯಾಲಜಿ ಓದಿ ಚಿನ್ನದ ಪದಕ ತಗೊಂಡ ಮನುಷ್ಯ, ಲುಂಗಿ ಉಟ್ಟು ಗೆಜ್ಜೆ ಕಟ್ಕೊಂಡು ಬಿಬಿಸಿಲಿ ಜೂಲ್ಸ್ ಹಾಲೆಂಡ್ ಶೋಲಿ ಹಾಡಿ ಬಂದ್ರು. ಅದಕ್ಕಿಂತ ಮುಂಚೆ ನಮ್ಮೂರಲ್ಲಿ ಬ್ಯಾಂಡ್ ಕಟ್ತೀನಿ ಅಂದ್ರೆ "ಮದುವೆಗಾ, ಮೆರವಣಿಗೆಗಾ?" ಅಂತ ಕೇಳೋರು.

ಆದ್ರೆ ಸ್ಕಿಪ್ ಒತ್ತಲ್ಲ ಅಂತ ನಾನೂ ಪ್ರಮಾಣ ಮಾಡಲ್ಲ. ಇಂಗ್ಲಿಷ್ ಪ್ರೇಮಗೀತೆ ಬಂದಾಗ ಬೆರಳು ತಾನಾಗೇ ಹೋಗತ್ತೆ.

ಕೀಲುಕುದುರೆ
ಅಣ್ಣನ್ನ ಹೇಳಿ ತಮ್ಮನ್ನ ಬಿಟ್ರೆ ಹೆಂಗೆ? ವಾಸು ದೀಕ್ಷಿತ್ ಹಾಡೋ ಸ್ವರಾತ್ಮ ಕೇಳಿ. 2009ರಲ್ಲಿ ಬ್ಯಾಂಡಿನ ಹೆಸರಿಂದೇ ಮೊದಲ ಆಲ್ಬಂ, 2012ರಲ್ಲಿ 'ಟೋಪಿವಾಲೆ', 2018ರಲ್ಲಿ 'ರಾಹ್-ಎ-ಫಕೀರಾ'. ಮೂರರಲ್ಲಿ ನನಗೆ 'ಟೋಪಿವಾಲೆ'ನೇ. ಪುಢಾರಿಗಳಿಗೆ ಚುಚ್ಚಿದ್ದು ಇವತ್ತಿಗೂ ಹಳಸಿಲ್ಲ. ಪಿಟೀಲು, ಗಿಟಾರು, ತಾಳವಾದ್ಯ ಮೂರೂ ಒಂದರ ಮೇಲೊಂದು ಬಿದ್ದು ಗಲಾಟೆ ಮಾಡಲ್ಲ. ಒಬ್ಬರು ಹಿಂದೆ ಸರಿದು ಇನ್ನೊಬ್ಬರಿಗೆ ಜಾಗ ಬಿಡ್ತಾರೆ. ಎಷ್ಟೋ ಬ್ಯಾಂಡ್‌ಗಳಿಗೆ ಅದೇ ಬರಲ್ಲ.

ಪಾಂಡವಪುರ ಪ್ಯಾಸೆಂಜರ್
ಮತ್ತೆ ಹಿಂದಿ ಬಂತು ನೋಡಿ. ನಿಮ್ ಮೈಸೂರು ಹುಡುಗ್ರು ಬೆಂಗಳೂರು ದಾಟ್ತಿದ್ದಂಗೆ ಯಾಕಿಂಗಾಯ್ತಾರೆ?

ಕೀಲುಕುದುರೆ
ಹೊಟ್ಟೆಪಾಡು ಸ್ವಾಮಿ. ಕನ್ನಡ ಬ್ಯಾಂಡಿನ ಶೋಗೆ ದುಡ್ಡು ಕೊಟ್ಟು ಟಿಕೆಟ್ ತಗೊಳ್ಳೋರನ್ನ ತೋರ್ಸಿ. "ಪಾಸ್ ಇದ್ಯಾ?" ಅನ್ನೋರೇ ಎಲ್ಲಾ. ನೀವೂ ಕೇಳಿರ್ತೀರಿ.

ಪಾಂಡವಪುರ ಪ್ಯಾಸೆಂಜರ್
ಪಾಸು ಕೇಳೋದು ತಪ್ಪೇನ್ಲಾ?

ಬೀಟ್ ಬಂಡಿ
ಬ್ರೋ, ಆಲ್ಬಂ ಅನ್ನೋದೇ ಅಂಕಲ್‌ಗಳ ಕಾಲದ್ದು. ಈಗ ಸಿಂಗಲ್ಸ್ ಜಮಾನ. ಚಂದನ್ ಶೆಟ್ಟಿ '3 ಪೆಗ್' ಒಂದೇ ಹಾಡಲ್ಲಿ ಮನೆಮಾತಾದ್ರು, ರ‍್ಯಾಪರ್ 'ಆಲ್ ಓಕೆ' ಹಾಡು ಹಾಡಾಗೇ ಬಿಟ್ಕೊಂಡು ಬಂದ್ರು. ಮೂರು ನಿಮಿಷದಲ್ಲಿ ಹೊಡೀಬೇಕು, ಹೊರಡಬೇಕು. 43 ನಿಮಿಷ ಕೂತು ಕೇಳೋಕೆ ಯಾರಿಗಿದೆ ಟೈಮು?

ಒಂಟಿಕೊಪ್ಪಲ್ ಬೇಸಿಸ್ಟ್
ರೀಲ್ಸಿಗೆ ಎರಡು ಗಂಟೆ ಇದೆಯಲ್ಲ ಮಗಾ, ಅದರಲ್ಲಿ ಮುರ್ಕೋ.

ಚಾಮುಂಡಿ ಮೆಟ್ಟಿಲು
ಬೀಟ್ ಬಂಡಿ, ಅಂಕಲ್‌ಗಳ ಕಾಲ ಅಂತೀಯಲ್ಲ. 2021ರಲ್ಲಿ ಇಂಗ್ಲಿಷ್ ಗಾಯಕಿ ಅಡೆಲ್ ಕೇಳ್ಕೊಂಡ್ರು ಅಂತ ಸ್ಪಾಟಿಫೈನೋರು ಆಲ್ಬಂ ಪುಟದಲ್ಲಿ ತಾನಾಗೇ ಶಫಲ್ ಆಗೋದನ್ನ ತೆಗೆದ್ರು. ಹಾಡುಗಳನ್ನ ಒಂದು ಕ್ರಮದಲ್ಲಿ ಜೋಡ್ಸಿರ್ತೀವಿ, ಆ ಕ್ರಮದಲ್ಲೇ ಕೇಳಿ ಅನ್ನೋದು ಆಕೆ ವಾದ. ಆಕೆ ಅಂಕಲ್ಲಾ?

ಬೀಟ್ ಬಂಡಿ
ಆಂಟಿ 😄

ಹಳೇ ಕ್ಯಾಸೆಟ್
ನೀವೆಲ್ಲ ಆಲ್ಬಂ ಅಂದ್ರೆ ಗಿಟಾರು, ಡ್ರಮ್ಸು, ಕಪ್ಪು ಕನ್ನಡಕ ಅಂದ್ಕೊಂಡಿದೀರಿ. ಕನ್ನಡದಲ್ಲಿ ಸಿನಿಮಾ ಹೊರಗಿನ ಆಲ್ಬಂ ಹುಟ್ಟಿದ್ದೇ ಭಾವಗೀತೆ ಕ್ಯಾಸೆಟ್ಟಲ್ಲಿ. 1978ರ 'ನಿತ್ಯೋತ್ಸವ'. ಕವಿತೆ ನಿಸಾರ್ ಅಹಮದ್, ಸಂಗೀತ ಮೈಸೂರು ಅನಂತಸ್ವಾಮಿ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತ ಅದಕ್ಕೇ ಹೆಸರು. ಒಬ್ಬ ಕವಿ, ಒಬ್ಬ ಸಂಯೋಜಕ, ಇಡೀ ಕ್ಯಾಸೆಟ್ಟು. ಆಲ್ಬಂ ಅನ್ನಿಸ್ಕೊಳ್ಳೋಕೆ ಇನ್ನೇನು ಬೇಕಂತೆ?

ಎರಡನೇದು 'ಮೈಸೂರು ಮಲ್ಲಿಗೆ'. ಹೆಸರು ಮೈಸೂರಿಂದಾದ್ರೂ ಕವಿ ಕೆ.ಎಸ್. ನರಸಿಂಹಸ್ವಾಮಿ ಮಂಡ್ಯ ಜಿಲ್ಲೆಯ ಕಿಕ್ಕೇರಿಯವರು. ಕವನ ಸಂಕಲನ ಬಂದಿದ್ದು 1942ರಲ್ಲಿ. ಅಶ್ವತ್ಥ್ ರಾಗ ಹಾಕಿದ್ದು, ರತ್ನಮಾಲಾ ಪ್ರಕಾಶ್ ದನಿ. 'ರಾಯರು ಬಂದರು ಮಾವನ ಮನೆಗೆ' ಶುರುವಾದ್ರೆ ನಮ್ಮ ಮನೇಲಿ ಅಡುಗೆಮನೆ ಪಾತ್ರೆ ಸದ್ದು ನಿಲ್ತಿತ್ತು. ಹೊಸ ಗಂಡ, ಹೊಸ ಹೆಂಡತಿ, ಮಾವನ ಮನೆ, ತವರಿನ ಸುದ್ದಿ ತರೋ ಬಳೆಗಾರ. ಒಂದೇ ಸಂಸಾರದ ಒಳಗೆ ಓಡಾಡಿದ ಹಾಗಿರತ್ತೆ. ನಾಗಾಭರಣರ ಸಿನಿಮಾ 1992ರದ್ದು, ಅದಕ್ಕೆ ಕವಿಗೆ ರಾಷ್ಟ್ರಪ್ರಶಸ್ತಿ ಬಂತು, ನಿಜ. ಆದ್ರೆ ಸಿನಿಮಾ ಬರೋ ಮುಂಚೇನೇ ಹಾಡು ಮನೆಮನೇಲಿತ್ತು, ಹಾಗಾಗಿ "ಸಿನಿಮಾ ಬೇಡ" ಅಂತ ಇದನ್ನ ಹೊರಗಿಡೋ ಹಾಗಿಲ್ಲ.

ಇನ್ನೊಂದು ವಿಷಯ. ಸಿ-90 ಕ್ಯಾಸೆಟ್ ಒಂದು ಬದಿ 45 ನಿಮಿಷ. ಮೈಸೂರಲ್ಲಿ ಹಾಕಿದ್ರೆ ಮಂಡ್ಯದಲ್ಲಿ ತಿರುಗಿಸಬೇಕು. ವಾಕ್‌ಮನ್ ಕಾಲದಲ್ಲಿ ಈ ಟ್ರೈನಲ್ಲಿ ಓಡಾಡಿದೋರಿಗೆ ನಿಮ್ಮ ಪ್ರಶ್ನೆ ಹೊಸದಲ್ಲ.

ಬೀಟ್ ಬಂಡಿ
ತಿರುಗಿಸೋದು ಅಂದ್ರೆ?

ಹಳೇ ಕ್ಯಾಸೆಟ್
ಇವನಿಗೆ ಯಾರಾದ್ರೂ ಹೇಳ್ರಪ್ಪ. ನನಗೆ ಬಿಪಿ ಇದೆ.

ಕೀಲುಕುದುರೆ
ಅನಂತಸ್ವಾಮಿ ಅಂದ್ರೆ ನಾಡಗೀತೆ ಧಾಟಿ ಜಗಳ ಅಲ್ವಾ? ಕೊನೆಗೆ ಅಶ್ವತ್ಥ್ ಅವರದ್ದೇ ಆಯ್ಕೆ ಆಯ್ತು ಅಂತ ಕೇಳಿದ್ದೆ.

ಚಾಮುಂಡಿ ಮೆಟ್ಟಿಲು
ಉಲ್ಟಾ ಕೇಳಿದೀರಿ. ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' 2004ರಲ್ಲೇ ನಾಡಗೀತೆ ಆಯ್ತು, ಆದ್ರೆ ಧಾಟಿ ಯಾವುದು ಅಂತ ತೀರ್ಮಾನ ಆಗೋಕೆ 2022ರ ತನಕ ಬೇಕಾಯ್ತು. ಆಯ್ಕೆ ಆಗಿದ್ದು ಅನಂತಸ್ವಾಮಿ ಧಾಟಿ, ಪೂರ್ತಿ ಹಾಡು 2 ನಿಮಿಷ 30 ಸೆಕೆಂಡಲ್ಲಿ. ಅಶ್ವತ್ಥ್ ಧಾಟಿ ಬೇಕು ಅಂತ ಹೈಕೋರ್ಟಿಗೂ ಹೋದ್ರು, 2024ರಲ್ಲಿ ಅರ್ಜಿ ವಜಾ ಆಯ್ತು.

ಹಳೇ ಕ್ಯಾಸೆಟ್
ಕೋರ್ಟು ಏನಾದ್ರೂ ಹೇಳ್ಲಿ, ನಾನು ಎರಡೂ ಕಡೆ. ಅನಂತಸ್ವಾಮಿ ಚಪ್ಪಲಿ ಹೊರಗೆ ಬಿಟ್ಟು ಮೆತ್ತಗೆ ಒಳಗೆ ಬರೋ ನೆಂಟ. ಅಶ್ವತ್ಥ್ ಬೀದಿ ಕೊನೇಲಿರುವಾಗಲೇ ನಮ್ಮ ಹೆಸರು ಕೂಗ್ಕೊಂಡು ಬರೋ ನೆಂಟ. ಇಬ್ಬರೂ ಬೇಕು. 2005ರಲ್ಲಿ ಅಶ್ವತ್ಥ್ ಬೆಂಗಳೂರು ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಮಾಡಿದಾಗ ಭಾವಗೀತೆ ಕೇಳೋಕೆ ಆ ಪಾಟಿ ಜನ ಸೇರ್ತಾರೆ ಅಂತ ಯಾರೂ ಅಂದ್ಕೊಂಡಿರಲಿಲ್ಲ. ಒಬ್ಬ ಹೀರೋ ಇಲ್ಲ, ಒಂದು ಫೈಟ್ ಇಲ್ಲ.

ಡಬಲ್ ಪೆಡಲ್
ಅರಮನೆ ಮೈದಾನ ಅಂದ್ರೆ ನಮಗೆ ಬೇರೇನೇ ನೆನಪು. 2007 ಮಾರ್ಚ್ 17, ಮೆಟಲ್ ಬ್ಯಾಂಡ್ ಐರನ್ ಮೇಡನ್. ಮೈಸೂರಿಂದ ನಾವೊಂದು ಗ್ಯಾಂಗ್ ಕಪ್ಪು ಟೀಶರ್ಟ್ ಹಾಕ್ಕೊಂಡು, ಗಡ್ಡ ಬಿಟ್ಕೊಂಡು ಟ್ರೈನ್ ಹತ್ತಿದ್ವಿ. ಎದುರು ಸೀಟಲ್ಲಿ ಒಬ್ಬ ಅಜ್ಜಿ. ರಾಮನಗರದ ತನಕ ನಮ್ಮನ್ನೇ ನೋಡ್ತಿದ್ದು, "ಈ ತಿಂಗಳಲ್ಲೂ ಶಬರಿಮಲೆಗೆ ಹೋಗ್ತಾರೇನ್ರಪ್ಪ?" ಅಂದ್ರು. ನಮ್ಮಲ್ಲೊಬ್ಬ "ಹೂಂ ಅಜ್ಜಿ" ಅಂದ. ಅಜ್ಜಿ ಎಲ್ಲರಿಗೂ ಒಂದೊಂದು ಬಾಳೆಹಣ್ಣು ಕೊಟ್ರು. ಅದನ್ನ ತಿಂದೇ ಮೈದಾನಕ್ಕೆ ಹೋಗಿದ್ದು.

ಆಮೇಲೆ 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ. ಗುರಗಾಂವ್‌ನಲ್ಲಿ ರದ್ದಾಗಿ ಬೆಂಗಳೂರಲ್ಲಿ ಮಾತ್ರ ನಡೀತಲ್ಲ, ಆ ಹೊಟ್ಟೆಕಿಚ್ಚು ಡೆಲ್ಲಿ ಹುಡುಗರಿಗೆ ಇವತ್ತಿಗೂ ಇದೆ. ಪ್ರಶ್ನೆಗೆ ಉತ್ತರ ಕೇಳಿದ್ರೆ, ಕನ್ನಡದಲ್ಲಿ ನನಗೆ ಬೇಕಾದಷ್ಟು ಭಾರದ ಆಲ್ಬಂ ಇನ್ನೂ ಸಿಕ್ಕಿಲ್ಲ.

ಪಾಂಡವಪುರ ಪ್ಯಾಸೆಂಜರ್
ಅಜ್ಜಿಗೆ ಸುಳ್ಳು ಹೇಳಿ ಬಾಳೆಹಣ್ಣು ತಿಂದೋನಿಗೆ ಭಾರ ಬೇಕಂತೆ.

ಮದ್ದೂರು ಬಿಸಿ ವಡೆ
ಟ್ರೈನಲ್ಲಿ ವಡೆ ಬಿಟ್ಟು ಬಾಳೆಹಣ್ಣು ತಿಂದವರ ಅಭಿಪ್ರಾಯ ನಾನು ಲೆಕ್ಕಕ್ಕೆ ತಗೊಳಲ್ಲ.

ಶಿವರಾಂಪೇಟೆ ಗಲ್ಲಿ
ಸಿನಿಮಾ ಬೇಡ ಅಂದ್ರೂ ನಾನು ಹೇಳೋನೇ. ರಾಜನ್–ನಾಗೇಂದ್ರ. ಮೈಸೂರಿನ ಅಣ್ಣತಮ್ಮಂದಿರು, 1952ರ 'ಸೌಭಾಗ್ಯಲಕ್ಷ್ಮಿ'ಯಿಂದ ಶುರು ಮಾಡಿದೋರು. 'ಎರಡು ಕನಸು' ಹಾಡುಗಳನ್ನ ಒಂದರ ಹಿಂದೆ ಒಂದು ಹಾಕಿ, ಸ್ಕಿಪ್ ಒತ್ತಿ ನೋಡೋಣ. 'ಎಂದೆಂದು ನಿನ್ನನು ಮರೆತು' ಶುರುವಿನ ಹಮ್ಮಿಂಗ್ ಬಂದಾಗ ಯಾವ ಬೆರಳೂ ಏಳಲ್ಲ.

ಯಲಿಯೂರು ಲೂಪ್ ಲೈನ್
ಸಾರ್, ಒಪ್ತೀನಿ, ಆದ್ರೆ ಸಿನಿಮಾ. ಒಂದು ಬಿಟ್ರೆ 'ಪ್ರೇಮಲೋಕ' ಬರತ್ತೆ, ಅದರ ಹಿಂದೆ 'ಮುಂಗಾರು ಮಳೆ' ಬರತ್ತೆ, ಆಮೇಲೆ ಇಲ್ಲಿ ಯಾರೂ ಆಲ್ಬಂ ಬಗ್ಗೆ ಮಾತಾಡಲ್ಲ.

ಶಿವರಾಂಪೇಟೆ ಗಲ್ಲಿ
'ಪ್ರೇಮಲೋಕ' 1987ರಲ್ಲಿ ಜನ ಥಿಯೇಟರಿಗೆ ಹೋಗೋ ಮುಂಚೆ ಕ್ಯಾಸೆಟ್ಟಲ್ಲೇ ಇಡೀ ಸಿನಿಮಾ ಕೇಳಿಬಿಟ್ಟಿದ್ರು. ಅದು ಆಲ್ಬಂ ಅಲ್ದೆ ಇನ್ನೇನು? ಸರಿ, ನಿಮ್ಮ ಪ್ರಶ್ನೆ, ನಿಮ್ಮ ನಿಯಮ.

ಬಿಜಿಪುರ ಬಸ್ಸು
ಒಸಿ ನಮ್ ಕಡೆನೂ ತಿರುಗಿ ನೋಡ್ರಪ್ಪ. ಆವಾಗಿಂದ ಓದ್ತಾವ್ನಿ, ಲಂಡನ್ನಿಗೂ ಹೋಗ್ ಬಂದ್ರಿ, ಮಳವಳ್ಳಿಗೆ ಯಾರೂ ಬರ್ಲಿಲ್ಲ.

ಮಳವಳ್ಳಿ ಮಹದೇವಸ್ವಾಮಿ ಕ್ಯಾಸೆಟ್ಟು ಕೇಳಿದೀರಾ? ಮಂಟೇಸ್ವಾಮಿ ಕಥೆ, ಮಾದಪ್ಪನ ಕಥೆ, ಸಿದ್ದಪ್ಪಾಜಿ ಕಥೆ. ಒಂದು ಕ್ಯಾಸೆಟ್ಟಿಗೆ ಮುಗಿಯೋವಲ್ಲ, ಭಾಗ ಒಂದು, ಭಾಗ ಎರಡು ಅಂತ ಬರೋವು. ನಮ್ಮೂರಲ್ಲಿ ಮದುವೆ ಆಗ್ಲಿ, ಮನೆ ಒಕ್ಕಲು ಆಗ್ಲಿ, ಕೋಳಿ ಕೂಗೋ ಮುಂಚೆ ಕಂಬಕ್ಕೆ ಕಟ್ಟಿದ ಹಾರನ್ನಲ್ಲಿ ಅದೇ. ನಮ್ಮಪ್ಪಂದು ಆಲೆಮನೆ ಇತ್ತು. ರಾತ್ರಿಯೆಲ್ಲ ಕೊಪ್ಪರಿಗೆ ಮುಂದೆ ಕೂತು ಬೆಲ್ಲ ಕಾಯಿಸೋರಿಗೆ ನಿದ್ದೆ ತಡೆಯೋಕೆ ಇದ್ದಿದ್ದು ಬೀಡಿ, ಬಿಟ್ರೆ ಈ ಕಥೆ. ಜೋನಿ ಬೆಲ್ಲದ ಕೈಲೇ ಕ್ಯಾಸೆಟ್ ತಿರುಗಿಸೋರು. ನಮ್ಮನೆ ಕ್ಯಾಸೆಟ್ಟೆಲ್ಲ ಇವತ್ತಿಗೂ ಅಂಟಂಟು, ಡಬ್ಬ ತೆಗೆದ್ರೆ ಇರುವೆ.

ಮಾದಪ್ಪನ ಕಾವ್ಯ ಇರೋದೇ ಸಾಲು ಸಾಲಾಗಿ. ಶ್ರವಣನ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು. ಒಂದೊಂದು ಸಾಲಿಗೂ ಬೇರೆ ಜನ, ಬೇರೆ ಜಗಳ, ಎಲ್ಲಾದ್ರೊಳಗೂ ಮಾದಪ್ಪ ಒಬ್ಬನೇ. ಸಂಕಮ್ಮನ ಸಾಲು ಕೇಳಿ. ಗಂಡ ನೀಲೇಗೌಡ ಜೇನಿಗೆ ಕಾಡಿಗೆ ಹೋಗೋ ಮುಂಚೆ ಹೆಂಡ್ತಿ ಮೇಲೆ ಅನುಮಾನ ಪಟ್ಟು ಭಾಷೆ ಕೊಡು ಅಂತಾನೆ, ಅವಳು ಕೊಡಲ್ಲ ಅಂತಾಳೆ. ಅಲ್ಲಿಂದ ಹಾಡು ಹಿಡ್ಕೊಂಡ್ರೆ ಬುಡಲ್ಲ. ಪಿಂಕ್ ಫ್ಲಾಯ್ಡ್‌ನೋರು 1973ರಲ್ಲಿ ಮಾಡಿದ್ದನ್ನ ನಮ್ಮೋರು ಬೋ ಕಾಲದಿಂದ ಮಾಡ್ತಾವ್ರೆ. ಶುರುವಿಂದ ಕೊನೇಗಂಟ ಒಂದೇ ಕಥೆ, ಮಧ್ಯೆ ನಿಲ್ಲಂಗಿಲ್ಲ. ಇದು ಆಲ್ಬಂ ಅಲ್ವಾ?

ಡಬಲ್ ಪೆಡಲ್
ಲೈಕ್ ಬಟನ್ ಒಂದೇ ಸಲ ಒತ್ತೋಕೆ ಬಿಡತ್ತೆ.

ಎಂಟನೇ ಕ್ರಾಸ್ ರಸಿಕ
ಗೌರವದಿಂದಲೇ ಹೇಳ್ತೀನಿ, ಅದು ಆಲ್ಬಂ ಅಲ್ಲ, ಕಾವ್ಯ. ರಾತ್ರಿಯೆಲ್ಲಾ ಹಾಡೋದನ್ನ ಕತ್ತರಿಸಿ ಕ್ಯಾಸೆಟ್ಟಿಗೆ ತುಂಬಿದಾರೆ ಅಷ್ಟೆ. ಆಲ್ಬಂ ಅಂದ್ರೆ ರೆಕಾರ್ಡಿಂಗ್‌ಗೆ ಅಂತಲೇ ಯೋಚನೆ ಮಾಡಿ, ಇಂತಿಷ್ಟು ನಿಮಿಷ ಅಂತ ಅಳೆದು ಕಟ್ಟಿದ್ದು.

ಬಿಜಿಪುರ ಬಸ್ಸು
ಕ್ಯಾಸೆಟ್ಟಿಗೆ ಹಾಡೋವಾಗ ಅಳೀದೆ ಇರ್ತಾರಾ ಬುದ್ಧಿ? ಒಂದು ಬದಿ ಮುಗಿಯೋ ಹೊತ್ತಿಗೆ ಕಥೆನ ಎಲ್ಲಿ ತಂದು ನಿಲ್ಲಿಸ್ಬೇಕು ಅಂತ ಹಾಡೋರಿಗೆ ಗೊತ್ತಿರ್ತದೆ. ಜನ ಮುಂದಿನ ಭಾಗ ಸುಮ್ಮಸುಮ್ಮನೆ ಕೊಳ್ತಿದ್ರಾ? ಒಂದು ಕಡೆ ಮಾತು, ಒಂದು ಕಡೆ ಹಾಡು, ನಗಿಸೋ ಜಾಗದಲ್ಲಿ ನಗಿಸಿ, ಅಳಿಸೋ ಜಾಗದಲ್ಲಿ ತಂಬೂರಿ ಒಂದನ್ನೇ ಬಿಡ್ತಾರೆ. ಅದು ಜೋಡ್ಸಿದ್ದಲ್ವಾ?

ಚಾಮುಂಡಿ ಮೆಟ್ಟಿಲು
ಈ ಸುತ್ತು ಬಿಜಿಪುರದ್ದು. ರಸಿಕರೇ, ಕಛೇರಿ ರೆಕಾರ್ಡಿಂಗ್ ಸಿಡಿ ಮಾಡಿ ಮಾರಿದ್ರೆ ಅದನ್ನ ಆಲ್ಬಂ ಅಂತ ನೀವೇ ಕರೀತೀರಲ್ವಾ? ಅದನ್ನೂ ಕತ್ತರಿಸಿ ತಾನೇ ತುಂಬೋದು?

ಬೀಟ್ ಬಂಡಿ
ಮಾದಪ್ಪನ ಹಾಡು ನನಗೂ ಗೊತ್ತು, 'ಸೋಜುಗದ ಸೂಜಿಮಲ್ಲಿಗೆ'. 'ಗರುಡ ಗಮನ ವೃಷಭ ವಾಹನ'ದ್ದು. ಸಖತ್ ಪೀಸ್.

ಪಾಂಡವಪುರ ಪ್ಯಾಸೆಂಜರ್
ಗರುಡ ಗಮನದ್ದಲ್ಲ ಕಣ್ಲಾ, ಮಾದಪ್ಪಂದು! 2021ರ ಸಿನಿಮಾಗೆ ಚೈತ್ರಾ ಆಚಾರ್ ಹಾಡಿದ್ದು ಚೆನ್ನಾಗೈತೆ, ಇಲ್ಲ ಅನ್ನಲ್ಲ. ಅದಕ್ಕೂ ಮುಂಚೆ ಅನನ್ಯ ಭಟ್ ಹಾಡಿದ್ದು ಎಲ್ಲರ ಮೊಬೈಲಲ್ಲೂ ಓಡಾಡ್ತಿತ್ತು. ಅದಕ್ಕೂ ಮುಂಚೆ ನಮ್ಮಜ್ಜಿ ಹಾಡ್ತಿತ್ತು, ಅದಕ್ಕೆ ವ್ಯೂಸ್ ಇಲ್ಲ.

ಒಂಟಿಕೊಪ್ಪಲ್ ಬೇಸಿಸ್ಟ್
ಇದಕ್ಕೆ ಇನ್ನೊಂದು ಸೇರಿಸ್ಕೊಳ್ಳಿ. ರಘು ದೀಕ್ಷಿತ್ ಆಲ್ಬಂ ಬಂದ ವರ್ಷವೇ, 2008ರಲ್ಲಿ, 'ಸೈಕೋ' ಸಿನಿಮಾಗೆ 'ನಿನ್ನ ಪೂಜೆಗೆ ಬಂದೆ ಮಾದೇಶ್ವರ' ಮಾಡಿದ್ರು. ನಿಮ್ಮೂರ ಮಾದಪ್ಪ ನಮ್ಮೂರ ರಾಕಿಗೂ ಬಂದಿದಾನೆ. ಸ್ಟೇಜಲ್ಲಿ ನಾವು ಏನೇ ನುಡಿಸಿದ್ರೂ ಜನ ಕೊನೆಗೆ ಕೂಗೋದು ಅದನ್ನೇ. ಒಂದು ಕಾಲೇಜಿನ ಹಬ್ಬದಲ್ಲಿ ನಾವು ನಮ್ಮದೇ ಹೊಸ ಹಾಡು ನುಡಿಸ್ತಿದ್ರೆ ಆಯೋಜಕರೊಬ್ಬರು ಪಕ್ಕದಿಂದ ಚೀಟಿ ಕಳಿಸಿದ್ರು, "ಮಾದೇಶ್ವರ ಹಾಡಿ, ಊಟಕ್ಕೆ ಹೊತ್ತಾಯ್ತು" ಅಂತ.

ಡಬಲ್ ಪೆಡಲ್
ಕಂಸಾಳೆ ಬಗ್ಗೆ ಡ್ರಮ್ಮರ್ ಆಗಿ ಎರಡು ಮಾತು. ಎಡಗೈಲಿ ಬಟ್ಟಲಿನ ಹಾಗಿರೋ ಕಂಚಿನ ತಾಳ, ಬಲಗೈಲಿ ಚಪ್ಪಟೆ ತಾಳ, ಅದಕ್ಕೆ ಗೊಂಡೆ. ಆ ಗೊಂಡೆ ಚಂದಕ್ಕೆ ಅಂತ ನಾನು ಅಂದ್ಕೊಂಡಿದ್ದೆ. ಹತ್ತಿರದಿಂದ ನೋಡಿದ್ರೆ ಆ ಬಲಗೈ ತಾಳ ತಲೆ ಮೇಲೆ, ಬೆನ್ನ ಹಿಂದೆ, ಮೊಣಕಾಲ ಕೆಳಗೆ, ಪಕ್ಕದೋನ ಬಟ್ಟಲಿಗೂ ಹೋಗಿ ಬಡಿದು ವಾಪಸ್ ಬರತ್ತೆ, ಒಂದು ಏಟೂ ತಪ್ಪಲ್ಲ. ಹತ್ತು ಜನ ಒಟ್ಟಿಗೆ. ಮೆಟ್ರೋನೋಮ್ ಇಲ್ಲ, ಕಿವೀಲಿ ಕ್ಲಿಕ್ ಇಲ್ಲ. ಇದನ್ನ ಸರಿಯಾಗಿ ಮೈಕ್ ಇಟ್ಟು ರೆಕಾರ್ಡ್ ಮಾಡೋದು ಕಷ್ಟ. ಕಂಚಿನ ಸದ್ದು ಎಲ್ಲಾ ಮೈಕಿಗೂ ನುಗ್ಗಿ ಹಾಡೋರ ದನಿನ ಮುಚ್ಚತ್ತೆ. ನನಗೆ ಬೇಕಾದ ಭಾರ ಇದು. ನೀಲಗಾರರ ಕಂಸಾಳೆ ಮೇಲೆ ಗಿಟಾರ್ ಕೂರಿಸಿ ಯಾರಾದ್ರೂ ಪೂರ್ತಿ ಆಲ್ಬಂ ಮಾಡ್ಬೇಕು.

ಬಿಜಿಪುರ ಬಸ್ಸು
ನೀಲಗಾರರು ಬೇರೆ, ಕಂಸಾಳೆಯವ್ರು ಬೇರೆ. ಕಂಸಾಳೆ ಹಿಡಿಯೋದು ಮಾದಪ್ಪನ ದೇವರಗುಡ್ಡರು. ಮಂಟೇಸ್ವಾಮಿ, ಸಿದ್ದಪ್ಪಾಜಿನ ಹಾಡೋರು ನೀಲಗಾರರು, ಅವರ ಕೈಲಿರೋದು ತಂಬೂರಿ, ಜತೇಲಿ ಗಗ್ಗರ, ಡಕ್ಕೆ. ಚಿಕ್ಕಲ್ಲೂರು ಜಾತ್ರೇಲಿ ನಿಂತು ಹಿಂಗ್ ಅಂದ್ರೆ ವಾಪಸ್ ಬರಲ್ಲ ನೀನು.

ಎಂಟನೇ ಕ್ರಾಸ್ ರಸಿಕ
ಗಿಟಾರ್ ಕೂರಿಸೋದು ಅಂದಾಗಲೇ ನನಗೆ ಭಯ. ಅಗಂ ಬ್ಯಾಂಡಿನವರು ಕರ್ನಾಟಕ ಸಂಗೀತದ ಕೃತಿಗಳಿಗೆ ಡ್ರಮ್ಸ್ ಹಾಕಿದ್ದು ಕೇಳಿದೀನಿ. ಅವರ ಗಾಯಕ ಹರೀಶ್ ಹಾಡಿಕೆ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ 'ರಂಗಪುರ ವಿಹಾರ'ದಂಥ ಬೃಂದಾವನ ಸಾರಂಗದ ಕೃತಿ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಗಣಪತಿ ಉತ್ಸವದಲ್ಲಿ, ಬೀದಿ ಮೇಲೆ ಹಾಕಿದ ಚಪ್ಪರದಲ್ಲಿ, ನಿಧಾನವಾಗಿ ಬಿಚ್ಕೊಳೋದನ್ನ ಕೇಳಿದೋರಿಗೆ ಆ ಅವಸರ ಯಾಕೆ ಅನ್ಸತ್ತೆ.

ಕೀಲುಕುದುರೆ
ಆ ರಂಗಪುರ ನಮ್ಮ ಶ್ರೀರಂಗಪಟ್ಟಣ ಅಲ್ವಾ? ಟ್ರೈನ್ ಅಲ್ಲಿ ನಿಂತಾಗ ನಾನು ಅದನ್ನೇ ಹಾಕ್ಕೊಳ್ಳೋದು.

ಎಂಟನೇ ಕ್ರಾಸ್ ರಸಿಕ
ಮುತ್ತುಸ್ವಾಮಿ ದೀಕ್ಷಿತರು ಹಾಡಿದ್ದು ತಮಿಳುನಾಡಿನ ಶ್ರೀರಂಗದ ರಂಗನಾಥನ ಮೇಲೆ. ಇಲ್ಲಿ ಹಾಕ್ಕೊಂಡ್ರೂ ಇವನೇನೂ ಬೇಜಾರು ಮಾಡ್ಕೊಳಲ್ಲ, ಮಲಗಿದಾನೆ.

ದೊಡ್ಡ ಗಡಿಯಾರ
ಅಭಿಮಾನಿಗಳು ಅಂತ ಇಷ್ಟು ಹಾರಾಡ್ತಿದೀರಲ್ಲ, ನಿಮ್ಮೆಲ್ಲರಿಗಿಂತ ದೊಡ್ಡ ಅಭಿಮಾನಿ ಅರಮನೇಲಿದ್ರು. ಜಯಚಾಮರಾಜ ಒಡೆಯರ್. ನಿಕೊಲಾಯ್ ಮೆಟ್ನರ್ ಅಂತ ರಷ್ಯನ್ ಸಂಯೋಜಕ, ಲಂಡನ್ನಲ್ಲಿ ಮುದುಕನಾಗಿ, ಕಾಯಿಲೆ ಬಿದ್ದು, ಜನ ಮರೆತುಬಿಟ್ಟಿದ್ದ ಕಾಲ. ಮೈಸೂರಿನ ಮಹಾರಾಜರು ದುಡ್ಡು ಹಾಕಿ ಆತನ ಸಂಗೀತ ರೆಕಾರ್ಡ್ ಮಾಡಿಸಿದ್ರು, ಆತನೇ ಪಿಯಾನೋ ನುಡಿಸಿದ್ದು. ಮೆಟ್ನರ್ ತನ್ನ ಮೂರನೇ ಪಿಯಾನೋ ಕಾನ್ಚೆರ್ಟೋನ ಇವರಿಗೇ ಅರ್ಪಿಸಿದ. 1950ರಲ್ಲಿ ರಾಯಲ್ ಆಲ್ಬರ್ಟ್ ಹಾಲಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡು ಮೊದಲ ಸಲ ಕೇಳಿಸ್ದಾಗಲೂ ಖರ್ಚಿಗೆ ಜಾಮೀನು ನಿಂತಿದ್ದು ಇವರೇ. ಇಷ್ಟೆಲ್ಲದರ ಜತೆ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ಬೇರೆ.

ಒಂಟಿಕೊಪ್ಪಲ್ ಬೇಸಿಸ್ಟ್
ಫ್ಯಾನ್ ಅಂದ್ರೆ ಹಿಂಗಿರ್ಬೇಕು. ನಾವು ಪ್ರೀಮಿಯಂ ಹಾಕೋಕೂ ಐದು ಜನನ ಗುಡ್ಡೆ ಹಾಕಿ ಫ್ಯಾಮಿಲಿ ಪ್ಲಾನ್ ಮಾಡ್ತೀವಿ, ಅದರಲ್ಲೂ ಇಬ್ಬರು ದುಡ್ಡು ಕೊಡಲ್ಲ.

ಮದ್ದೂರು ಬಿಸಿ ವಡೆ
ಆ ಇಬ್ಬರಲ್ಲಿ ನಾನೊಬ್ಬ. ಮುಂದಿನ ತಿಂಗಳು ಕೊಡ್ತೀನಿ.

ಕೀಲುಕುದುರೆ
2024ರಲ್ಲಿ ಯುವ ದಸರಾನ ಉತ್ತನಹಳ್ಳಿಗೆ ತಗೊಂಡು ಹೋದ್ರಲ್ಲ, ರೆಹಮಾನ್, ಇಳಯರಾಜ ಎಲ್ಲಾ ಬಂದ್ರಲ್ಲ, ಯಾರಾದ್ರೂ ಹೋಗಿದ್ರಾ? ಮಹಾರಾಜ ಕಾಲೇಜು ಮೈದಾನದಲ್ಲಿ ಇದ್ದಾಗ ನಾವು ನಡ್ಕೊಂಡೇ ಹೋಗ್ತಿದ್ವಿ. ದೊಡ್ಡ ಹೆಸರು ಬರ್ಲಿ, ಬೇಡ ಅನ್ನಲ್ಲ. ಆದ್ರೆ ಆ ವೇದಿಕೇಲಿ ಒಂದು ಸಂಜೆನಾದ್ರೂ ಈ ದೇವರಗುಡ್ಡರಿಗೆ, ನೀಲಗಾರರಿಗೆ ಪೂರ್ತಿ ಕೊಡ್ಲಿ, ಅದೇ ಸೌಂಡ್ ಸಿಸ್ಟಮ್ಮಿನ ಜತೆ. ಮೆರವಣಿಗೇಲಿ ಬಿಸಿಲಲ್ಲಿ ಕುಣಿಸಿ ಕಳಿಸೋದಲ್ಲ.

ಪಾಂಡವಪುರ ಪ್ಯಾಸೆಂಜರ್
ಇದಕ್ಕೆ ನಾನು ಟಿಕೆಟ್ ತಗೊಂಡೇ ಬತ್ತೀನಿ. ಬರೆದಿಟ್ಕೋ.

ಯಲಿಯೂರು ಲೂಪ್ ಲೈನ್
ವರದಿ ಒಪ್ಪಿಸ್ತಿದೀನಿ. 'ನಿತ್ಯೋತ್ಸವ' ಕೇಳ್ದೆ. ಸ್ಕಿಪ್ ಒತ್ತಲಿಲ್ಲ, ಆದ್ರೆ ಬೆಳಿಗ್ಗೆಗಿಂತ ಸಂಜೆ ವಾಪಸ್ ಬರುವಾಗ ಹೊಂದತ್ತೆ. ಸ್ವರಾತ್ಮ ಬೆಳಿಗ್ಗೆಗೆ ಸರಿ. ಮಂಟೇಸ್ವಾಮಿ ಕಥೆ ಹಾಕಿದಾಗ ಮೊದಲ ಹತ್ತು ನಿಮಿಷ ಬೆರಳು ಎರಡು ಸಲ ಎದ್ದಿದ್ದು ನಿಜ, ದೇವರುಗಳ ಪ್ರಾರ್ಥನೆಯೇ ಮುಗೀತಿರ್ಲಿಲ್ಲ. ಕಥೆಗೆ ಇಳಿದ ಮೇಲೆ ಮಾತ್ರ ಇಯರ್‌ಫೋನ್ ತೆಗೀಲಿಲ್ಲ, ಆಫೀಸಿನ ಮೆಟ್ಟಿಲ ತನಕ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಮೊಬೈಲಿನ ಪರದೆ ನೋಡಿ, ಏನೂ ಕೇಳದೆ ಒಂದು ಇಯರ್‌ಫೋನ್ ತಗೊಂಡು ತಮ್ಮ ಕಿವಿಗೆ ಹಾಕ್ಕೊಂಡ್ರು.

ತೊಂದರೆ ಏನಂದ್ರೆ, ಆನ್‌ಲೈನಲ್ಲಿ ನನಗೆ ಸಿಕ್ಕಿದ್ರಲ್ಲಿ ಭಾಗಗಳು ಹಿಂದುಮುಂದಾಗಿವೆ, ಮೂರನೇ ಭಾಗ ಇಲ್ಲವೇ ಇಲ್ಲ. ಸಿದ್ದಪ್ಪಾಜಿ ಕಷ್ಟದಲ್ಲಿದ್ದಾಗ ಸಾಬೂನಿನ ಜಾಹೀರಾತು ಬರತ್ತೆ.

ಬಿಜಿಪುರ ಬಸ್ಸು
ಮೂರನೇ ಭಾಗ ನಮ್ಮನೇಲೈತೆ. ಆದ್ರೆ ಹಾಕಿದ್ರೆ ಗೊರಗೊರ ಅಂತದೆ, ದನಿ ದೂರ ಹೋಯ್ತದೆ, ಬತ್ತದೆ.

ಹಳೇ ಕ್ಯಾಸೆಟ್
ಕ್ಯಾಸೆಟ್ಟಿನ ಬಾಯಿಯ ಹತ್ರ ಟೇಪಿನ ಹಿಂದೆ ಒಂದು ಚಿಕ್ಕ ಫೆಲ್ಟ್ ಪ್ಯಾಡ್ ಇರ್ಬೇಕು, ಬೆಂಕಿಕಡ್ಡಿ ತಲೆಗಿಂತ ಸ್ವಲ್ಪ ದೊಡ್ಡದು. ಅದು ಉದುರಿದ್ರೆ ಟೇಪು ಹೆಡ್ಡಿಗೆ ಒತ್ತಲ್ಲ, ದನಿ ಹಾಗೇ ಹೋಗಿ ಬರತ್ತೆ. ಕೆಲಸಕ್ಕೆ ಬಾರದ ಇನ್ನೊಂದು ಕ್ಯಾಸೆಟ್ಟಿಂದ ತೆಗೆದು ಅಂಟಿಸಿ. ಬೆಲ್ಲ ಇದ್ರೆ ಮೊದಲು ಹೊರಗಿನ ಡಬ್ಬ ಬದಲಾಯಿಸಿ. ಸ್ಕ್ರೂ ಇರೋದಾದ್ರೆ ಸುಲಭ, ಅಂಟಿಸಿದ್ದಾದ್ರೆ ನನಗೆ ಕಳಿಸಿ. ಪ್ಲೇಯರಿನ ಹೆಡ್ಡನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಕೊಬ್ಬರಿ ಎಣ್ಣೆ ಹಾಕ್ಬೇಡಿ. ಹಾಕಿದೋರನ್ನ ನೋಡಿದೀನಿ, ಅದಕ್ಕೇ ಹೇಳ್ತಿರೋದು. ದಯವಿಟ್ಟು ಬೂಷ್ಟು ಹಿಡಿದ ಟೇಪನ್ನ ಹಾಗೇ ಓಡಿಸ್ಬೇಡಿ, ಒಂದರ ಬೂಷ್ಟು ಹೆಡ್ಡಿನ ಮೂಲಕ ಎಲ್ಲದಕ್ಕೂ ಹತ್ತತ್ತೆ.

ಬೀಟ್ ಬಂಡಿ
ಡಿಜಿಟಲ್ ಮಾಡಿದ್ಮೇಲೆ ನನಗೆ ಕಳಿಸಿ ಸರ್. ಹಿಸ್ (ಟೇಪಿನ ಸುಸ್ ಅನ್ನೋ ಸದ್ದು) ಎಲ್ಲಾ ತೆಗೆದು ಕ್ಲೀನ್ ಮಾಡಿಕೊಡ್ತೀನಿ. ತಂಬೂರಿ ಜಾಗ ಒಂದು ನಾಲ್ಕು ಬಾರ್ ಲೂಪ್ ಮಾಡಿದ್ರೆ ಮೇಲೆ ರ‍್ಯಾಪ್ ಹಾಕ್ಬಹುದು ಅನ್ನಿಸ್ತಿದೆ.

ಹಳೇ ಕ್ಯಾಸೆಟ್
ಹಿಸ್ ತೆಗೆಯೋಕೆ ಹೋದ್ರೆ ಗಗ್ಗರದ ಸದ್ದೂ ಹೋಗತ್ತೆ, ಮುಟ್ಬೇಡ. ಮತ್ತೆ ಲೂಪ್ ಗೀಪ್ ಅಂತ ಎಲ್ಲೂ ಹಾಕೋ ಹಾಗಿಲ್ಲ. ನಮ್ಮ ಕಾನೂನಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ ಇರತ್ತೆ. 1978ರ ಕ್ಯಾಸೆಟ್ಟಿಗೇ 2038 ಮುಗೀಬೇಕು. ಲೇಬಲ್ಲಿನೋರನ್ನ ಕೇಳು, ಹಾಡಿದೋರನ್ನೂ ಕೇಳು.

ಬೀಟ್ ಬಂಡಿ
ಲೂಪ್ ಬೇಡ ಅಂದ್ರೆ ತಂಬೂರಿ ನುಡಿಸೋರನ್ನೇ ಕರೆಸಿ ಹೊಸದಾಗಿ ರೆಕಾರ್ಡ್ ಮಾಡಣ. ಒಂಟಿಕೊಪ್ಪಲ್ ಬೇಸು, ಡಬಲ್ ಪೆಡಲ್ ಡ್ರಮ್ಸು. ಸಂಕಮ್ಮನ ಸಾಲು ಒಂದೇ, ಪೂರ್ತಿ, 45 ನಿಮಿಷ. ಸ್ಟುಡಿಯೋ ಖರ್ಚು ಯಾರು?

ಡಬಲ್ ಪೆಡಲ್
ಮೂರು ನಿಮಿಷದಲ್ಲಿ ಹೊಡೆದು ಹೊರಡೋನು ಯಾರೋ ಇದ್ದ ಇಲ್ಲಿ. ಖರ್ಚಿನ ಮಾತು ಆಮೇಲೆ, ಮೊದಲು ಹಾಡೋರು ಒಪ್ಪಬೇಕು. ಅವರ ಹತ್ರ ಹೋಗಿ ಕೂತು ಕೇಳ್ಬೇಕು, ನಮ್ಮ ಟೆಂಪೋಗೆ ಅವರನ್ನ ಎಳೆಯೋ ಹಾಗಿಲ್ಲ.

ಎಂಟನೇ ಕ್ರಾಸ್ ರಸಿಕ
ಡ್ರಮ್ಸ್ ಸ್ವಲ್ಪ ಕಡಿಮೆ ಇದ್ರೆ ನನ್ನ ಕಡೆಯಿಂದ ಒಂದು ಪಾಲು.

ಬಿಜಿಪುರ ಬಸ್ಸು
ಹಾಡೋರನ್ನ ನಾನು ಮಾತಾಡಿಸ್ತೀನಿ, ಆದ್ರೆ ಸುಗ್ಗಿ ಮುಗೀಲಿ. ಹಳೇ ಕ್ಯಾಸೆಟ್ಟಣ್ಣ, ನಮ್ದು ಅಂಟಿಸಿರೋ ಡಬ್ಬ, ಸ್ಕ್ರೂ ಇಲ್ಲ. ಸೋಮವಾರ ಮಳವಳ್ಳಿಗೆ ಹೋದಾಗ ಕೊರಿಯರ್ ಮಾಡ್ತೀನಿ, ವಿಳಾಸ ಮೆಸೇಜಲ್ಲಿ ಹಾಕಿ. ಜೋಪಾನ, ವಾಪಸ್ ಬರ್ಲೇಬೇಕು. ನಮ್ಮಪ್ಪಂಗೆ ಹೇಳಿಲ್ಲ.